ಬ್ರೇಕಿನ ಬಿಸಿ ಎಲ್ಲಿಗೆ ಹೋಯಿತು?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ನಾವು ಮೂವರು ಒಂದು ಜೊತೆ ಸೈಕಲ್ ಚಕ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದೆವು. ಚಕ್ರದ ಒಡೆಯ ವಿಜಯಪುರ ಜಿಲ್ಲೆಯ ಹುಡುಗ. ಇಲ್ಲಿನ ಐಟಿ ಪಾರ್ಕಿನಲ್ಲಿ ಅವನಿಗೆ ಮೊದಲ ನೌಕರಿ. ಸೈಕಲ್ ರೇಸಿನ ಹುಚ್ಚು ಊರಿನಿಂದಲೇ ಬಂದದ್ದು. ಎರಡು ತಿಂಗಳ ಉಳಿತಾಯ ಸುರಿದು ಸೆಕೆಂಡ್ ಹ್ಯಾಂಡ್ ಕಾರ್ಬನ್ ಚಕ್ರ ಕೊಂಡಿದ್ದ. ತೊಳೆದು ನೋಡಿದರೆ, ಬ್ರೇಕ್ ಪ್ಯಾಡು ಉಜ್ಜುವ ಪಟ್ಟಿಯ ಬಣ್ಣ ಕೆಟ್ಟಿತ್ತು. ಮುಂದಿನ ಚಕ್ರದ ಸುತ್ತಲೂ ಹಳದಿ ಛಾಯೆ. ಹಿಂದಿನದರಲ್ಲಿ ಒಂದೇ ಕಡೆ, ಗೇಣುದ್ದದ ಕಂದು ಮಚ್ಚೆ.

‘ಮುಂದಿನ ಐತಾರ ದಿವೆ ಘಾಟಿಗೆ ಹೊಂಟೀವ್ರಿ. ಇವನ್ನ ಹಾಕ್ಕೊಂಡು ಇಳೀಬಹುದೇನ್ರಿ?’ ಎಂದು ಕೇಳಿದ.

ಖರಾಡಿಯಿಂದ ಮುಳಾ-ಮುಠಾ ದಾಟಿ, ಮುಂಢ್ವಾ, ಹಡಪ್ಸರ್ ಹಾದು ಸಾಸ್ವಡದ ದಾರಿ ಹಿಡಿದರೆ ದಿವೆ ಘಾಟ್ ಸಿಗುತ್ತದೆ. ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವಾಗ ಹತ್ತುವ ಘಾಟಿ ಅದೇ. ಹತ್ತುವವರ ಕಷ್ಟ ಕಣ್ಣಿಗೆ ಕಾಣುತ್ತದೆ. ಇಳಿಯುವ ಸೈಕಲ್ಲಿನ ಕಷ್ಟ ಕಾಣುವುದಿಲ್ಲ, ಅದನ್ನು ರಿಮ್ಮು ಒಳಗೊಳಗೇ ಅನುಭವಿಸುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. 200 ಮೀಟರ್ ಕೆಳಗಿಳಿದರೆ ಸುಮಾರು 157 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದಷ್ಟು ಬಿಸಿ ಅದು. ಜೋರಾಗಿ ಇಳಿದರೆ ಅದರ ದೊಡ್ಡ ಪಾಲನ್ನು ಗಾಳಿ ಕಸಿದುಕೊಳ್ಳುತ್ತದೆ. ಹೆದರಿ, ಬ್ರೇಕ್ ಹಿಡಿದೇ ನಿಧಾನಕ್ಕೆ ಇಳಿದರೆ ಅದೆಲ್ಲ ರಿಮ್ಮಿಗೂ ಪ್ಯಾಡಿಗೂ ಹೋಗುತ್ತದೆ. ಹಾಗಾಗಿ ರಿಮ್ ಸುಡುವವನು ಧೈರ್ಯಸ್ಥನಲ್ಲ, ಅಂಜುಬುರುಕ. ಬ್ರೇಕು ವೇಗವನ್ನು ಎಲ್ಲೂ ಮಾಯ ಮಾಡುವುದಿಲ್ಲ, ಬಿಸಿಯಾಗಿ ಬದಲಿಸುತ್ತದೆ, ಅಷ್ಟೆ. ಆ ಬಿಸಿ ಎಲ್ಲಿಗೆ ಹೋಯಿತು ಎಂಬುದೇ ಸೈಕಲ್ ಚಕ್ರದ ನೂರಿಪ್ಪತ್ತು ವರ್ಷಗಳ ಇತಿಹಾಸ.

ನಮ್ಮಲ್ಲಿ ಬಹಳ ಜನರಿಗೆ ಈ ಪ್ರಶ್ನೆಯೇ ಏಳಲಿಲ್ಲ. ನಾವು ಬೆಳೆದದ್ದು ಅಪ್ಪನ ಕಪ್ಪು ಸೈಕಲ್ಲಿನ ಮೇಲೆ, ಕ್ರೋಮ್ ಬಳಿದ ಉಕ್ಕಿನ ರಿಮ್ಮಿನ ಮೇಲೆ. ಅದರ ರಾಡ್ ಬ್ರೇಕು ರಬ್ಬರನ್ನು ಮೇಲಕ್ಕೆಳೆದು ರಿಮ್ಮಿನ ಒಳಮೈಗೆ ಒತ್ತುತ್ತಿತ್ತು. ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನಿಸಿಕೊಂಡಿದ್ದ ಪುಣೆ ಕೂಡ ಓಡಿದ್ದು ಅಂಥವುಗಳ ಮೇಲೆಯೇ. ಆ ರಿಮ್ಮಿಗೆ ಬಿಸಿಯ ಭಯವಿರಲಿಲ್ಲ, ಮಳೆಯ ಭಯವಿತ್ತು. ನುಣ್ಣನೆಯ ಕ್ರೋಮು ಒದ್ದೆಯಾದರೆ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲುತ್ತಿರಲಿಲ್ಲ, ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸಬೇಕಿತ್ತು. ಅದರ ಮೇಲೆ ಕಲೆ ಕಂಡರೆ ಅರ್ಥ ಒಂದೇ: ಕ್ರೋಮ್ ಎದ್ದಿದೆ, ತುಕ್ಕು ಹಿಡಿದಿದೆ.

ಯುರೋಪಿನ ರೇಸುಗಾರರ ಕಥೆ ಬೇರೆ. 1930ರ ದಶಕದವರೆಗೂ ಅವರ ರಿಮ್ಮುಗಳು ಮರದವು. ಮರದ ರಿಮ್ಮಿಗೆ ಕಾರ್ಕ್ ಪ್ಯಾಡು ಒಗ್ಗುತ್ತಿತ್ತು. ಮರ ಬಿಸಿಯನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ರಿಮ್ಮಿನ ಮೇಲೆ ಟಯರನ್ನು ಹಿಡಿದಿಟ್ಟಿದ್ದ ಅಂಟು ತಣ್ಣಗಿರುತ್ತಿತ್ತು. 1934ರ ಟೂರ್ ದ ಫ್ರಾನ್ಸ್‌ನಲ್ಲಿ ಆಂತೊನಾಂ ಮಾನ್ಯ್ ಮಾವಿಕ್ ಕಂಪನಿಯ ಡ್ಯುರಾಲ್ಯುಮಿನ್ ರಿಮ್ ಹಾಕಿಕೊಂಡು ಗೆದ್ದರು. ಲೋಹ ಎಂದು ಯಾರಿಗೂ ಗೊತ್ತಾಗದಿರಲಿ ಎಂದು ಅದಕ್ಕೆ ಮರದ ಬಣ್ಣ ಬಳಿದಿದ್ದರಂತೆ. ಮರುವರ್ಷ, 1935ರಲ್ಲಿ, ಸ್ಪೇನಿನ ಫ್ರಾನ್ಸಿಸ್ಕೊ ಸೆಪೇದಾ ಗಾಲಿಬಿಯೆ ಕಣಿವೆಯ ಇಳಿಜಾರಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೊಸ ಲೋಹದ ರಿಮ್ಮು ಕಾದು, ಅಂಟು ಕರಗಿ, ಟಯರು ಕಳಚಿಕೊಂಡಿತು ಎಂಬ ಅನುಮಾನ ಆಗಲೇ ಹುಟ್ಟಿತು. ಗುಣವೇ ದೋಷವಾಗುವುದೆಂದರೆ ಹೀಗೆ. ಅಲ್ಯೂಮಿನಿಯಂ ಬಿಸಿಯನ್ನು ಬೇಗ ಹರಡಿ ಬೇಗ ಗಾಳಿಗೆ ಬಿಡುತ್ತದೆ, ಆದರೆ ಹರಡುವಾಗ ಅಂಟನ್ನೂ ಮುಟ್ಟಿಬಿಡುತ್ತದೆ. ಕೊನೆಗೆ ಜನ ಲೋಹಕ್ಕೆ ಹೊಂದಿಕೊಂಡರು, ಅರ್ಧ ಶತಮಾನ ಅಲ್ಯೂಮಿನಿಯಂ ಆಳಿತು.

ಆಮೇಲೆ ಬಂದದ್ದು ಕಾರ್ಬನ್. 1879ರಲ್ಲಿ ಎಡಿಸನ್ ದೀಪದೊಳಗೆ ಉರಿಸಿದ್ದು ಸುಟ್ಟ ನೂಲಿನ ಇಂಗಾಲದ ಎಳೆಯನ್ನೇ. ಆದರೆ ವಿಮಾನಕ್ಕೆ ಒದಗುವಂಥ ಗಟ್ಟಿ ನಾರು ಹುಟ್ಟಿದ್ದು 1960ರ ದಶಕದಲ್ಲಿ, ಜಪಾನಿನ ಅಕಿಯೊ ಶಿಂಡೊ ಮತ್ತು ಇಂಗ್ಲೆಂಡಿನ ಫಾರ್ನ್‌ಬರೊ ಪ್ರಯೋಗಾಲಯದವರ ಕೆಲಸದಿಂದ. ವಿಮಾನದಿಂದ ಅದು ಸೈಕಲ್ಲಿಗೆ ಇಳಿಯಿತು. ರಿಮ್ ಹಗುರವಾಯಿತು, ಗಾಳಿಯನ್ನು ಸೀಳುವಂತೆ ಆಳವಾಯಿತು. ಬ್ರೇಕಿನ ಬಿಸಿ ಮಾತ್ರ ಮತ್ತೆ ದಾರಿ ತಪ್ಪಿತು.

ಕಾರ್ಬನ್ ನಾರು ಬಿಸಿಗೆ ಹೆದರುವುದಿಲ್ಲ. ಹೆದರುವುದು ನಾರುಗಳನ್ನು ಕಟ್ಟಿಹಾಕಿರುವ ಎಪಾಕ್ಸಿ ರಾಳ. ರಿಮ್ಮಿನ ದಪ್ಪವನ್ನು ದಾಟಿ ಬಿಸಿ ಸಾಗುವ ಮಾತಿಗೆ ಬಂದರೆ ಅಲ್ಯೂಮಿನಿಯಂ ಇದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಚುರುಕು. ಹಾಗಾಗಿ ಬಿಸಿ ಪ್ಯಾಡು ಉಜ್ಜುವ ತೆಳುಪದರದಲ್ಲೇ ಸಿಕ್ಕಿಬೀಳುತ್ತದೆ. ಪ್ರತಿ ರಾಳಕ್ಕೂ ಒಂದು ಮಿತಿಯ ತಾಪವಿದೆ, ಅದನ್ನು ಮೀರಿದರೆ ಗಾಜಿನಂತೆ ಗಟ್ಟಿಯಾಗಿದ್ದದ್ದು ಬೆಲ್ಲದಂತೆ ಮೆತ್ತಗಾಗುತ್ತದೆ. ರಾಳದ ಜಾತಿ ಮತ್ತು ಅದನ್ನು ಬೇಯಿಸಿದ ರೀತಿಯ ಮೇಲೆ ಈ ಮಿತಿ 120 ಡಿಗ್ರಿ ಸೆಲ್ಸಿಯಸ್ ಇರಬಹುದು, 200 ದಾಟಲೂಬಹುದು. ಟ್ಯೂಬ್ ಹಾಕುವ ಸಾಮಾನ್ಯ ಟಯರಿನಲ್ಲಿ ಒಳಗಿನ ಗಾಳಿ ರಿಮ್ಮಿನ ಅಂಚನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಅಂಚು ಮೆತ್ತಗಾದರೆ ಉಬ್ಬುತ್ತದೆ, ಪದರ ಬಿಡುತ್ತದೆ, ಒಮ್ಮೊಮ್ಮೆ ತಿರುವಿನ ನಡುವೆಯೇ ಒಡೆಯುತ್ತದೆ. ಕಾರ್ಬನ್ನಿಗೆಂದೇ ಬೇರೆ ಪ್ಯಾಡುಗಳು ಬಂದದ್ದು ಇದಕ್ಕೇ. ಅವುಗಳ ಪೈಕಿ ಹಲವು ಮತ್ತೆ ಕಾರ್ಕಿನವೇ. ಮರದ ಕಾಲದ ಮದ್ದಿಗೇ ಇತಿಹಾಸ ಸುತ್ತು ಹೊಡೆದು ಬಂದಿತ್ತು.

ಈಗ ನಮ್ಮ ಎರಡು ಕಲೆಗಳಿಗೆ ಬರೋಣ. ಕಲೆ ಕಂಡೊಡನೆ ಸುಟ್ಟಿದೆ ಎನ್ನುವುದೂ ತಪ್ಪು, ಕೊಳೆ ಎಂದು ಬಿಡುವುದೂ ತಪ್ಪು. ಮೊದಲು ನೋಡಬೇಕಾದ್ದು ಕಲೆಯ ಬಣ್ಣವನ್ನಲ್ಲ, ಹರವನ್ನು. ಸುತ್ತಲೂ ಒಂದೇ ಸಮ ಇದ್ದರೆ ಅದು ಬಹುತೇಕ ಪ್ಯಾಡು ಬಿಟ್ಟ ಮೆತ್ತು: ಹಳದಿ ಪ್ಯಾಡು ಹಳದಿ ಬಿಡುತ್ತದೆ, ಕಾರ್ಕ್ ಕಂದು ಬಿಡುತ್ತದೆ. ಅಲ್ಲಲ್ಲಿ ಮಾತ್ರ ಇದ್ದರೆ ಅನುಮಾನ ಪಡಿ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಮೆತ್ತಾದರೆ ಬಟ್ಟೆಗೆ ಬರುತ್ತದೆ, ಬೆಂದ ರಾಳ ಬರುವುದಿಲ್ಲ. ಆಮೇಲೆ ಉಗುರು ಎಳೆಯಿರಿ, ಗುಳ್ಳೆಯೋ ದಿಂಡೋ ಇದ್ದರೆ ತಡೆಯುತ್ತದೆ. ಟಯರಿಗೆ ಗಾಳಿ ತುಂಬಿ, ಕ್ಯಾಲಿಪರಿನಲ್ಲಿ ರಿಮ್ಮಿನ ಅಗಲವನ್ನು ಏಳೆಂಟು ಕಡೆ ಅಳೆಯಿರಿ. ನಾಣ್ಯದಿಂದ ತಟ್ಟುತ್ತ ಹೋಗಿ: ಗಟ್ಟಿ ಕಡೆ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಮಡಕೆ ಬಿರುಕು ಬಿಟ್ಟಂತೆ ಬೊದ್ದು ಸದ್ದು. ಪ್ಯಾಡನ್ನೂ ಬಿಚ್ಚಿ ನೋಡಿ. ಅಲ್ಯೂಮಿನಿಯಂ ರಿಮ್ಮಿನ ಪ್ಯಾಡನ್ನೇ ಕಾರ್ಬನ್ನಿಗೆ ಹಾಕಿದವರು ಬೇಕಾದಷ್ಟಿದ್ದಾರೆ. ಹಳೆಯ ಪ್ಯಾಡಿನಲ್ಲಿ ಹುದುಗಿದ ಲೋಹದ ಚೂರು ರಿಮ್ಮನ್ನು ಗೀರುತ್ತದೆ.

ಮುಂದಿನ ಚಕ್ರದ ಹಳದಿ ಮೂರು ಬಾರಿ ಒರೆಸುವಷ್ಟರಲ್ಲಿ ಬಟ್ಟೆಗೆ ಬಂತು. ಕೆಳಗೆ ಕಾರ್ಬನ್ನು ಹೊಸದರಂತೆ ಕಪ್ಪಗಿತ್ತು. ಹುಡುಗನ ಮುಖ ಅರಳಿತು. ಹಿಂದಿನ ಚಕ್ರದ ಕಂದು ಜಪ್ಪೆನ್ನಲಿಲ್ಲ. ಉಗುರು ತಡೆಯಿತು. ಕ್ಯಾಲಿಪರ್ ಆ ಗೇಣುದ್ದದಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅಗಲ ತೋರಿಸಿತು. ನಾಣ್ಯದ ಸದ್ದು ಬೊದ್ದಾಗಿತ್ತು. ಯಾರೋ ಯಾವುದೋ ಘಾಟಿಯಲ್ಲಿ, ಹಿಂದಿನ ಬ್ರೇಕನ್ನು ಬಿಡದೆ ಹಿಡಿದು ಇಳಿದಿದ್ದರು. ಮಾರಿದವನಿಗೆ ಇದು ಗೊತ್ತಿತ್ತೋ ಇಲ್ಲವೋ.

ಇಂಥ ಚಕ್ರಗಳು ಈಗ ಅಗ್ಗಕ್ಕೆ ಸಿಗುವುದಕ್ಕೂ ಒಂದು ಇತಿಹಾಸವಿದೆ. 2018ರ ಜುಲೈಯಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರಸ್ತೆ ರೇಸುಗಳಲ್ಲಿ ಡಿಸ್ಕ್ ಬ್ರೇಕಿಗೆ ಪೂರ್ತಿ ಒಪ್ಪಿಗೆ ಕೊಟ್ಟಿತು. ಬಿಸಿ ರಿಮ್ಮನ್ನು ಬಿಟ್ಟು ಚಕ್ರದ ನಡುವಿನ ಉಕ್ಕಿನ ಬಿಲ್ಲೆಗೆ ಹೋಯಿತು. ಉಳ್ಳವರು ಬದಲಿಸಿಕೊಂಡರು. ಅವರ ಹಳೆಯ ಚಕ್ರಗಳು ಕೈಯಿಂದ ಕೈಗೆ ದಾಟುತ್ತ ಮೊದಲ ಸಂಬಳದ ಹುಡುಗರ ಬಳಿ ಬಂದು ನಿಲ್ಲುತ್ತಿವೆ. ತಂತ್ರಜ್ಞಾನ ದಾಟಿ ಮುಂದೆ ಹೋದ ಅಪಾಯವನ್ನು ಕೊನೆಗೆ ಹೊರುವವರು ಇವರೇ.

‘ಹಿಂದಿಂದು ಮಾರಿದ್ರ ಅರ್ಧ ರೊಕ್ಕರೆ ಬರ್ತಿತ್ತು’ ಎಂದ ಹುಡುಗ. ನಾವು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಕಂದು ಮಚ್ಚೆಯ ಮೇಲೆ ಬೆರಳಾಡಿಸುತ್ತ ಕೂತ. ಆಮೇಲೆ ತಾನೇ ಮೇಲೆ ಹೋಗಿ ಹ್ಯಾಕ್ಸಾ ತಂದ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಹಾರದಂತೆ ನೀರು ಹನಿಸುತ್ತ, ಮಚ್ಚೆಯ ನಡುವೆಯೇ ರಿಮ್ಮನ್ನು ಕತ್ತರಿಸಿದ. ಇನ್ನು ಅದನ್ನು ಯಾರೂ ಯಾರಿಗೂ ಮಾರುವಂತಿರಲಿಲ್ಲ.

ಮುಂದಿನ ಭಾನುವಾರ ದಿವೆ ಘಾಟ್ ಇಳಿದ. ಹಿಂದೆ ಅವನ ಹಳೆಯ ಅಲ್ಯೂಮಿನಿಯಂ ಚಕ್ರವಿತ್ತು.