ಕಲ್ಲು, ಬೂದಿ, ಗೊರಸು: ಹೈದರಾಬಾದ್ ಸೀಮೆಯ ಆದಿಮಾನವರು

ನಗರದೊಳಗಿನ ಗೋರಿಗಳು

ಹೈದರಾಬಾದಿನ ಚರಿತ್ರೆಯನ್ನು 1591ರ ಚಾರ್‌ಮಿನಾರ್‌ನಿಂದ ಶುರುಮಾಡುವುದು ರೂಢಿ. ಆದರೆ ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲೇ ಬೃಹತ್ ಶಿಲಾಯುಗದ ಗೋರಿಗಳಿವೆ. ಅಗೆದಾಗ ಮಡಕೆಗಳೂ ಕಬ್ಬಿಣದ ಸಾಮಾನುಗಳೂ ಸಿಕ್ಕವು. ಮೌಲಾ ಅಲಿ, ಹಷ್ಮತ್‌ಪೇಟೆಗಳಲ್ಲೂ ಇಂಥ ಗೋರಿಗಳುಂಟು. ಬರಹವೇ ಇಲ್ಲದ ಕಾಲದವರನ್ನು ಅರಿಯಬೇಕಾದರೆ ಮಣ್ಣಿನ ಪದರಗಳನ್ನೇ ಓದಬೇಕು. ನಿಜಾಮರ ಸರ್ಕಾರ 1914ರಲ್ಲಿ ಪುರಾತತ್ವ ಇಲಾಖೆ ತೆರೆದು ಗುಲಾಂ ಯಜ್ದಾನಿಯವರ ಕೈಗೆ ಒಪ್ಪಿಸಿತು. ರಾಯಚೂರು, ಕಲಬುರಗಿ, ಬೀದರ್ ಆಗ ಅದೇ ಸಂಸ್ಥಾನದಲ್ಲಿದ್ದವು. ಹೀಗಾಗಿ ಈ ಕಥೆಯ ಬಹುಪಾಲು ನಮ್ಮ ಕನ್ನಡ ನೆಲದ್ದೇ.

ಇಸಾಂಪುರದ ಕಲ್ಲುಗಣಿ

ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಳ ಕಾಲ ನಡೆದಾಡಿ ಹಳೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಮುಖ್ಯವಾದದ್ದು. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಕೂತು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಕಾಲ ನಿರ್ಣಯಿಸಲಾಗಿದೆ. ಅಂದರೆ ಅಲ್ಲಿ ಕಲ್ಲು ಒಡೆದವರು ನಮ್ಮಂಥ ಮನುಷ್ಯರಲ್ಲ, ನಮಗಿಂತ ಬಹಳ ಮುಂಚಿನ ಮಾನವ ಜಾತಿಯವರು.

ಬೂದಿಗುಡ್ಡ

ಅಲ್ಲಿಂದ ಲಕ್ಷಾಂತರ ವರ್ಷ ಈಚೆಗೆ ಬಂದರೆ, ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ನವಶಿಲಾಯುಗದ ಬೂದಿಗುಡ್ಡಗಳು. ಬಳ್ಳಾರಿ ಬಳಿಯ ಕುಡತಿನಿಯದು ಹಿಡಿಂಬನ ಬೂದಿ, ಹಂಪಿ ಸಮೀಪದ ನಿಂಬಾಪುರದ್ದು ವಾಲಿಯ ಚಿತೆ ಎಂದು ಜನ ಹೇಳುತ್ತಾರೆ. ಜ್ವಾಲಾಮುಖಿಯದೆಂದು ಊಹಿಸಿದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಸುಟ್ಟ ಸಗಣಿ ಎಂದರು.

1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಮೆಹಬೂಬನಗರದ ಉಟ್ನೂರಿನಲ್ಲಿ ಅಗೆದಾಗ ಅನುಮಾನ ತೀರಿತು. ಕಂಬ ನೆಟ್ಟ ಗುಳಿಗಳ ಸಾಲು ಕಂಡಿತು, ಅದು ದನದ ದೊಡ್ಡಿಯ ಬೇಲಿ. ಪದರದಲ್ಲಿ ದನಗಳ ಗೊರಸಿನ ಗುರುತು ಹಾಗೇ ಅಚ್ಚೊತ್ತಿತ್ತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ಹಸು ಕಾಲೂರಿದ ಜಾಗವದು! ದೊಡ್ಡಿಯಲ್ಲಿ ಸಗಣಿ ಒಟ್ಟಿಕೊಂಡಂತೆ ಮತ್ತೆ ಮತ್ತೆ ಬೆಂಕಿ ಇಡುತ್ತಿದ್ದರು. ಗುಡ್ಡ ಬೆಳೆದದ್ದು ಹಾಗೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರಿಗೆ ದನ ಕಡಿದು ಹಂಚುತ್ತಿದ್ದ ನೆಲವೂ ಸಿಕ್ಕಿತು. ದನ ಸಾಕಿದವರು ಅದರ ಮಾಂಸವನ್ನೂ ಉಂಡವರೇ.

ಸತ್ತವರ ಮನೆಗಳು

ಸುರಪುರದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿಯಲ್ಲಿ ಬೃಹತ್ ಶಿಲಾಯುಗದ ಗೋರಿಗಳಾದ ಕಲ್ಲುವೃತ್ತಗಳನ್ನು ತೆರೆಸಿ, ಪದರಪದರವಾಗಿ ನಕ್ಷೆ ಬರೆದಿಟ್ಟರು. ಭಾರತದಲ್ಲಿ ಇಷ್ಟು ಶ್ರದ್ಧೆಯಿಂದ ಗೋರಿ ಅಗೆದವರು ಅವರಿಗಿಂತ ಮುಂಚೆ ಅಪರೂಪ. ಗಂಗಾವತಿ ಬಳಿಯ ಹಿರೇಬೆಣಕಲ್ ಬೆಟ್ಟದಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನೆಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿಯೂ ಉಂಟು. ಊರವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ.

ಮಸ್ಕಿ

1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಬರಹ ಕಂಡರು. ಅದುವರೆಗೆ ಸಿಕ್ಕ ಇಂಥ ಶಾಸನಗಳು ಅವನ್ನು ಬರೆಸಿದ ದೊರೆಯನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದಿದ್ದವು. ಇಲ್ಲಿ ಮೊದಲ ಬಾರಿಗೆ ಅಶೋಕ ಎಂಬ ಹೆಸರೇ ಇತ್ತು. 1954ರಲ್ಲಿ ಬಿ.ಕೆ. ಥಾಪರ್ ಅಲ್ಲೇ ಉತ್ಖನನ ನಡೆಸಿದರು. ಚಾರಿತ್ರಿಕ ಕಾಲದ ಆರಂಭದ ಪದರದ ಕೆಳಗೆ ಬೃಹತ್ ಶಿಲಾಯುಗದ್ದು, ಅದರ ಕೆಳಗೆ ನವಶಿಲಾಯುಗದ್ದು. ಬಂಡೆಯ ಮೇಲೆ ಉಳಿ ಬಿದ್ದ ದಿನ ಮಸ್ಕಿ ಆಗಲೇ ಹಳೆಯ ಊರು.