ಮತ ಎಷ್ಟು, ಸ್ಥಾನ ಎಷ್ಟು? - ಚುನಾವಣಾ ಪದ್ಧತಿ ಸುಧಾರಣೆಯ ಚರ್ಚೆ ಮತ್ತು ಗಡಿನಾಡ ಕನ್ನಡಿಗರು

ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆಯ ಫಲಿತಾಂಶ ಗಡಿನಾಡಿನವರಿಗೆ ಇಂದಿಗೂ ನೆನಪಿದೆ. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781 ಮತ. ಅಂತರ ಕೇವಲ 89. ಮೂರನೇ ಸ್ಥಾನದಲ್ಲಿದ್ದ ಸಿಪಿಎಂಗೆ ನಲವತ್ತೆರಡು ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. 2021ರಲ್ಲಿಯೂ ಇಲ್ಲಿ ಗೆಲುವಿನ ಅಂತರ 745 ಮಾತ್ರ.

ಅಂದು ಎಲ್ಲರೂ 89ರ ಬಗ್ಗೆ ಮಾತನಾಡಿದರು. ಆದರೆ ಇನ್ನೊಂದು ಲೆಕ್ಕವೂ ಇದೆ. ಗೆದ್ದ ಅಭ್ಯರ್ಥಿಗೆ ಬಿದ್ದದ್ದು ನೂರಕ್ಕೆ 36ರಷ್ಟು ಮತ. ಅಂದರೆ ಮೂವರಲ್ಲಿ ಸುಮಾರು ಇಬ್ಬರು ಮತದಾರರು ಬೇರೆಯವರನ್ನು ಬಯಸಿದ್ದರು. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ನಮ್ಮ ಪದ್ಧತಿ ಇರುವುದೇ ಹಾಗೆ. ಈ ಪದ್ಧತಿ ಬದಲಾಗಬೇಕೇ, ಬದಲಾದರೆ ಗಡಿನಾಡ ಕನ್ನಡಿಗರಿಗೆ ಲಾಭವೋ ನಷ್ಟವೋ ಎಂಬುದನ್ನು ನೋಡೋಣ.

ಈಗಿನ ಪದ್ಧತಿ

ಲೋಕಸಭೆಗೂ ವಿಧಾನಸಭೆಗೂ ನಡೆಯುವುದು ಸರಳ ಬಹುಮತದ ಚುನಾವಣೆ. ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ. ಉಳಿದೆಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಿಲ್ಲ. ತಾಳವಾಡಿಗೆ ಹತ್ತಿರದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ನಿಜಕ್ಕೂ ಒಂದೇ ಮತದಿಂದ.

ಬ್ರಿಟನ್ನಿನಿಂದ ಬಂದ ಈ ಪದ್ಧತಿಯ ದೊಡ್ಡ ಗುಣ ಸರಳತೆ. ಯಾರು ಗೆದ್ದರೆಂದು ಸಂಜೆಯೊಳಗೆ ತಿಳಿಯುತ್ತದೆ. ಶಾಲೆಗೆ ಕನ್ನಡ ಮೇಷ್ಟ್ರು ಬಂದಿಲ್ಲ, ಅರ್ಜಿ ನಮೂನೆ ಕನ್ನಡದಲ್ಲಿಲ್ಲ ಎಂದರೆ ಯಾರ ಮನೆ ಬಾಗಿಲಿಗೆ ಹೋಗಬೇಕೆಂಬುದೂ ಸ್ಪಷ್ಟ. ಐದು ವರ್ಷದ ನಂತರ ಅವರನ್ನು ಇಳಿಸುವ ಅಧಿಕಾರವೂ ಅದೇ ಊರಿನವರ ಕೈಯಲ್ಲಿದೆ.

ಮತಕ್ಕೂ ಸ್ಥಾನಕ್ಕೂ ತಾಳೆಯಾಗದಾಗ

ಪದ್ಧತಿಯ ದೋಷ ಕಾಣುವುದು ಇಡೀ ರಾಜ್ಯದ ಲೆಕ್ಕ ಕೂಡಿಸಿದಾಗ. ನಮ್ಮ ನೆರೆಹೊರೆಯ ಉದಾಹರಣೆಗಳನ್ನೇ ತೆಗೆದುಕೊಳ್ಳಿ.

ತಮಿಳುನಾಡಿನಲ್ಲಿ 2014ರ ಲೋಕಸಭಾ ಚುನಾವಣೆ: ಎಐಎಡಿಎಂಕೆಗೆ ಶೇ. 44ರಷ್ಟು ಮತ, 39ರಲ್ಲಿ 37 ಸ್ಥಾನ. ಡಿಎಂಕೆಗೆ ಶೇ. 23ಕ್ಕೂ ಹೆಚ್ಚು ಮತ, ಸ್ಥಾನ ಸೊನ್ನೆ.

ಆಂಧ್ರಪ್ರದೇಶ: 2019ರ ವಿಧಾನಸಭಾ ಚುನಾವಣೆಯಲ್ಲಿ ತೆಲುಗು ದೇಶಂ ಶೇ. 39ರಷ್ಟು ಮತ ಪಡೆದು 175ರಲ್ಲಿ 23 ಸ್ಥಾನಕ್ಕೆ ಇಳಿಯಿತು. 2024ರಲ್ಲಿ ವೈಎಸ್ಸಾರ್ ಕಾಂಗ್ರೆಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಮತ ಬಂತು, ಸ್ಥಾನ 11. ಎರಡೂ ಬಾರಿ ಐವರಲ್ಲಿ ಇಬ್ಬರು ಮತದಾರರಿಗೆ ಸದನದಲ್ಲಿ ಸಿಕ್ಕ ದನಿ ಅಷ್ಟೇ.

ಕರ್ನಾಟಕ, 2018ರ ಮೇ: ಕಾಂಗ್ರೆಸ್ಸಿಗೆ ಶೇ. 38, ಬಿಜೆಪಿಗೆ ಶೇ. 36ರಷ್ಟು ಮತ. ಆದರೆ 222 ಕ್ಷೇತ್ರಗಳಲ್ಲಿ ಬಿಜೆಪಿ 104 ಗೆದ್ದರೆ ಕಾಂಗ್ರೆಸ್ ಗೆದ್ದದ್ದು 78.

ಈ ಏರುಪೇರಿನ ಲಾಭ ಒಂದೇ ಪಕ್ಷಕ್ಕೆ ಅಲ್ಲ. ಒಮ್ಮೆ ಲಾಭ ಪಡೆದವರು ಇನ್ನೊಮ್ಮೆ ನಷ್ಟ ಅನುಭವಿಸಿದ್ದಾರೆ. ಆದ್ದರಿಂದಲೇ ಅಧಿಕಾರದಲ್ಲಿರುವವರಿಗೆ ಸುಧಾರಣೆಯ ಅವಸರ ಇರುವುದಿಲ್ಲ. ಸೋತಾಗ ಮಾತ್ರ ಅದು ನೆನಪಾಗುತ್ತದೆ.

ಬೇರೆ ದಾರಿಗಳು ಯಾವುವು?

1. ಎರಡು ಸುತ್ತಿನ ಮತದಾನ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮುಂದಿದ್ದವರ ನಡುವೆ ಮತ್ತೊಂದು ಸುತ್ತು. ಫ್ರಾನ್ಸಿನ ಅಧ್ಯಕ್ಷ ಚುನಾವಣೆ ಹೀಗೆ ನಡೆಯುತ್ತದೆ. ಆಯ್ಕೆಯಾದವರಿಗೆ ನಿಜವಾದ ಬಹುಮತ ಇರುತ್ತದೆ, ಆದರೆ ಖರ್ಚು ಮತ್ತು ಬಂದೋಬಸ್ತು ಎರಡರಷ್ಟಾಗುತ್ತದೆ.

2. ಆದ್ಯತಾ ಮತ. ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ. ಕೊನೆಯಲ್ಲಿದ್ದವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಆದ್ಯತೆಗೆ ಹಂಚುತ್ತಾರೆ. ಆಸ್ಟ್ರೇಲಿಯಾದ ಕೆಳಮನೆಗೆ 1918ರಿಂದ ಇದೇ ಪದ್ಧತಿ. ಬ್ರಿಟನ್ನಿನಲ್ಲಿ 2011ರ ಮೇ 5ರಂದು ಈ ಬಗ್ಗೆ ಜನಮತಗಣನೆ ನಡೆದಾಗ ಶೇ. 68ರಷ್ಟು ಜನ ಬೇಡವೆಂದರು.

3. ಪ್ರಮಾಣಾನುಗುಣ ಪ್ರಾತಿನಿಧ್ಯ. ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲೇ ಸ್ಥಾನ. ಪಕ್ಷ ಮೊದಲೇ ಕೊಟ್ಟ ಪಟ್ಟಿಯಿಂದ ಸದಸ್ಯರು ಬರುತ್ತಾರೆ. ಮತ ವ್ಯರ್ಥವಾಗುವುದು ಕಡಿಮೆ. ಆದರೆ ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಎಂಬುದನ್ನು ಸಾಮಾನ್ಯವಾಗಿ ಪಕ್ಷದ ನಾಯಕರೇ ತೀರ್ಮಾನಿಸುತ್ತಾರೆ.

4. ಮಿಶ್ರ ಪದ್ಧತಿ. ಮತದಾರರಿಗೆ ಎರಡು ಮತ - ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ನ್ಯೂಜಿಲೆಂಡಿನಲ್ಲಿ 1978 ಮತ್ತು 1981ರಲ್ಲಿ ಹೆಚ್ಚು ಮತ ಪಡೆದ ಲೇಬರ್ ಪಕ್ಷಕ್ಕೆ ಕಡಿಮೆ ಸ್ಥಾನ ಸಿಕ್ಕಿ ಜನ ಬೇಸತ್ತರು. 1993ರ ಜನಮತಗಣನೆಯಲ್ಲಿ ಶೇ. 54ರಷ್ಟು ಜನ ಮಿಶ್ರ ಪದ್ಧತಿ ಒಪ್ಪಿದರು. 1996ರಿಂದ ಅದು ಜಾರಿಯಲ್ಲಿದೆ. 2011ರಲ್ಲಿ ಮತ್ತೆ ಕೇಳಿದಾಗಲೂ ಅದೇ ಇರಲಿ ಎಂದರು.

ಭಾರತದಲ್ಲಿ ನಡೆದ ಚರ್ಚೆ

ಸಂವಿಧಾನ ಸಭೆಯಲ್ಲೇ ಈ ಪ್ರಶ್ನೆ ಎದ್ದಿತ್ತು. ಅಲ್ಪಸಂಖ್ಯಾತರ ಹಿತಕ್ಕಾಗಿ ಪ್ರಮಾಣಾನುಗುಣ ಪದ್ಧತಿ ಬೇಕೆಂದು ಕೆಲವು ಸದಸ್ಯರು ಕೇಳಿದರು. 1949ರ ಜನವರಿಯಲ್ಲಿ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಕ್ಷರಸ್ಥರು ಕಡಿಮೆ ಇರುವ ದೇಶದಲ್ಲಿ ಇದು ನಡೆಯದು, ಸಣ್ಣ ಸಣ್ಣ ಗುಂಪುಗಳಾಗಿ ಸರ್ಕಾರ ಸ್ಥಿರವಾಗಿ ನಿಲ್ಲದು ಎಂಬುದು ಅವರ ವಾದ. ಮೊದಲ ಕಾರಣದ ಬಲ ಇಂದು ಕುಗ್ಗಿದೆ. ಎರಡನೆಯದು ಈಗಲೂ ಚರ್ಚೆಯ ವಿಷಯ. ಗಮನಿಸಿ: ರಾಷ್ಟ್ರಪತಿ ಹಾಗೂ ರಾಜ್ಯಸಭಾ ಸದಸ್ಯರ ಆಯ್ಕೆಯಲ್ಲಿ ಆದ್ಯತೆಯ ಕ್ರಮದಲ್ಲಿ ಮತ ಹಾಕುವ ವ್ಯವಸ್ಥೆ ನಮ್ಮಲ್ಲೂ ಇದೆ.

ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅಧ್ಯಕ್ಷತೆಯ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಮಿಶ್ರ ಪದ್ಧತಿಯನ್ನು ಸೂಚಿಸಿತು. ಲೋಕಸಭೆಗೆ ಈಗಿನ ಸ್ಥಾನಗಳ ಜತೆ 138 ಸ್ಥಾನ ಸೇರಿಸಿ ಅವನ್ನು ಪಟ್ಟಿಯ ಮೂಲಕ ತುಂಬಬೇಕು, ಶೇ. 5ಕ್ಕಿಂತ ಕಡಿಮೆ ಮತ ಪಡೆದ ಪಕ್ಷಗಳಿಗೆ ಸ್ಥಾನ ಕೊಡಬಾರದು, ಪಕ್ಷೇತರರಿಗೆ ಸ್ಪರ್ಧೆಗೆ ಅವಕಾಶ ಇರಬಾರದು ಎಂದಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರಾಗಿದ್ದ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಶೇ. 50ಕ್ಕಿಂತ ಹೆಚ್ಚು ಮತದ ನಿಯಮ ಮತ್ತು ಎರಡನೇ ಸುತ್ತಿನ ಬಗ್ಗೆ ಪರಿಶೀಲಿಸಲು ಹೇಳಿತು. ಈ ಸಲಹೆಗಳು ಕಾನೂನಾಗಲಿಲ್ಲ. ಸಂವಿಧಾನದ 81 ಮತ್ತು 170ನೇ ವಿಧಿಗಳು ಪ್ರಾದೇಶಿಕ ಕ್ಷೇತ್ರಗಳಿಂದ ನೇರ ಚುನಾವಣೆ ಎಂದು ಹೇಳುವುದರಿಂದ, ಪಟ್ಟಿಯ ಸ್ಥಾನ ಸೇರಿಸಲು ಸಂವಿಧಾನ ತಿದ್ದುಪಡಿಯೇ ಬೇಕು.

ಗಡಿನಾಡಿಗೆ ಇದರಿಂದ ಏನು?

ಪ್ರಮಾಣಾನುಗುಣ ಪದ್ಧತಿ ಅಲ್ಪಸಂಖ್ಯಾತರಿಗೆ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಭಾಷಾ ಅಲ್ಪಸಂಖ್ಯಾತರ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ.

ಮಂಜೇಶ್ವರದ ಚರಿತ್ರೆಯನ್ನೇ ನೋಡಿ. ಕೇರಳದ ಮೊದಲ ವಿಧಾನಸಭೆಗೆ 1957ರಲ್ಲಿ ಇಲ್ಲಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. ಇಡೀ ಕೇರಳದ ಮತ ಲೆಕ್ಕ ಹಾಕಿದ್ದರೆ ಆ ಮತಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಕನ್ನಡಿಗರು ಒಂದೇ ಕಡೆ ಒತ್ತಾಗಿ ನೆಲೆಸಿದ್ದರಿಂದ, ಕ್ಷೇತ್ರದ ಗಡಿ ಅವರನ್ನು ಒಟ್ಟಿಗೆ ಇಟ್ಟದ್ದರಿಂದ, ಈಗಿನ ಪದ್ಧತಿಯೇ ಅವರಿಗೆ ದನಿ ಕೊಟ್ಟಿತು. ಶೇ. 5ರ ಮಿತಿ ಮತ್ತು ಪಕ್ಷೇತರರಿಗೆ ನಿಷೇಧ ಇದ್ದಿದ್ದರೆ ಅಂಥ ಗೆಲುವು ಅಸಾಧ್ಯ.

ಹಲವು ಕ್ಷೇತ್ರಗಳಲ್ಲಿ ಚದುರಿಹೋದವರ ಸ್ಥಿತಿ ಬೇರೆ. ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇದ್ದು ಎಲ್ಲಿಯೂ ಗೆಲ್ಲಲಾಗದವರಿಗೆ ಪಟ್ಟಿ ಪದ್ಧತಿಯಲ್ಲಿ ಕನಿಷ್ಠ ಮತಗಳು ಒಟ್ಟಾಗುತ್ತವೆ. ಆದರೂ ರಾಜ್ಯಮಟ್ಟದಲ್ಲಿ ಶೇ. 5 ದಾಟುವುದು ಅವರಿಗೂ ಕಷ್ಟ.

ಇದಕ್ಕೆ ಜರ್ಮನಿ ಒಂದು ಪರಿಹಾರ ಕಂಡುಕೊಂಡಿದೆ. ಅಲ್ಲಿಯೂ ಶೇ. 5ರ ಮಿತಿ ಇದೆ, ಆದರೆ ರಾಷ್ಟ್ರೀಯ ಅಲ್ಪಸಂಖ್ಯಾತರ ಪಕ್ಷಗಳಿಗೆ ಅದು ಅನ್ವಯಿಸದು. ಡೆನ್ಮಾರ್ಕ್ ಗಡಿಯಲ್ಲಿರುವ ಡೇನಿಷ್ ಹಾಗೂ ಫ್ರೀಸಿಯನ್ ಜನರ ಪಕ್ಷ 2021ರಲ್ಲಿ ದೇಶದ ಒಟ್ಟು ಮತದಲ್ಲಿ ಶೇ. 0.1ರಷ್ಟನ್ನು ಮಾತ್ರ ಪಡೆದೂ ಸಂಸತ್ತಿಗೆ ಒಬ್ಬ ಸದಸ್ಯರನ್ನು ಕಳಿಸಿತು. ಗಡಿಯಾಚೆ ಉಳಿದ ಭಾಷಿಕರು ಎಂಬ ದೃಷ್ಟಿಯಿಂದ ಅವರ ಸ್ಥಿತಿ ನಮ್ಮದಕ್ಕೆ ಹತ್ತಿರವಾದದ್ದು.

ಆದ್ದರಿಂದ ಮುಂದೆ ಯಾವುದೇ ಸುಧಾರಣೆಯ ಕರಡು ಬಂದರೂ ಗಡಿನಾಡಿನವರು ಮೂರು ಪ್ರಶ್ನೆ ಕೇಳಬೇಕು. ಕನಿಷ್ಠ ಮತದ ಮಿತಿ ಎಷ್ಟು, ಅದರಿಂದ ಭಾಷಾ ಅಲ್ಪಸಂಖ್ಯಾತರಿಗೆ ವಿನಾಯಿತಿ ಇದೆಯೇ? ಪಟ್ಟಿ ಇಡೀ ರಾಜ್ಯಕ್ಕೋ, ಜಿಲ್ಲೆಗೋ? ಪಕ್ಷೇತರರಾಗಿ ನಿಲ್ಲುವ ಹಕ್ಕು ಉಳಿಯುತ್ತದೆಯೇ? ಈ ಮೂರಕ್ಕೆ ಉತ್ತರ ಸಿಗುವವರೆಗೆ ಸುಧಾರಣೆ ಎಂಬ ಹೆಸರು ನೋಡಿ ಒಪ್ಪುವುದೂ ಬೇಡ, ಹೆದರುವುದೂ ಬೇಡ.