ತವರಿಗೆ ಮರಳಿದವಳು: ಕನ್ನಡ ಕಾದಂಬರಿಯಲ್ಲಿ ನೂರು ವರ್ಷದ ಒಂದು ಪ್ರಶ್ನೆ

ನನ್ನ ಸೋದರತ್ತೆ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಕಾದಂಬರಿಗಳು. ಅಜ್ಜನ ಮನೆಯಲ್ಲಿ ಹಿತ್ತಿಲಿಗೆ ಹತ್ತಿದ ಒಂದು ಸಣ್ಣ ಕೋಣೆ ಅವರದು. ಕಿಟಕಿಯ ಕಟ್ಟೆಯ ಮೇಲೆ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಎರಡು ಮೂರು ಪುಸ್ತಕಗಳು ಯಾವಾಗಲೂ ಇರುತ್ತಿದ್ದವು. ಮಧ್ಯಾಹ್ನ ಎಲ್ಲರ ಊಟ ಮುಗಿದು, ಅಡುಗೆಮನೆ ಒರೆಸಿ ಆದಮೇಲೆ ಅತ್ತೆ ಓದಲು ಕೂರುತ್ತಿದ್ದರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವರು ಅವರು. 1980ರ ದಶಕದ ಮಾತು. ಯಾಕೆ ಬಂದರು ಎಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಅವರು ಓದುತ್ತಿದ್ದ ಪುಸ್ತಕಗಳನ್ನು ದೊಡ್ಡವರು "ಅಡುಗೆಮನೆ ಸಾಹಿತ್ಯ" ಎಂದು ನಗುತ್ತಿದ್ದರು. ಅಳುವ ಹೆಂಗಸರು, ಕೊಂಕು ಮಾತಿನ ಅತ್ತಿಗೆ, ಕೊನೆಗೊಂದು ಮದುವೆ, ಇಷ್ಟೇ ಅಲ್ಲವೇ ಎನ್ನುವುದು ಅವರ ಅಂಬೋಣ. ನಾನು ಓದಿದ್ದು ಎಂಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ, ಸಾಹಿತ್ಯದ ವಿದ್ಯಾರ್ಥಿನಿಯಲ್ಲ. ಆದರೂ ಊರಿಂದ ದೂರ ಬಂದಮೇಲೆ ಈ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ದೃಶ್ಯವಿದೆ. ಒಬ್ಬ ಹೆಣ್ಣುಮಗಳು ಪೆಟ್ಟಿಗೆ ಹಿಡಿದು ತವರಿನ ಬಾಗಿಲಲ್ಲಿ ನಿಂತಿದ್ದಾಳೆ. ಹಬ್ಬಕ್ಕೆ ಬಂದವಳಲ್ಲ, ಬಾಣಂತನಕ್ಕೂ ಬಂದವಳಲ್ಲ. ಹಾಗಾದರೆ ಅವಳು ಒಳಗೆ ಬರುವುದು ಯಾರಾಗಿ? ಅತಿಥಿಯಾಗಿಯೋ, ಹೊರೆಯಾಗಿಯೋ, ಆ ಮನೆಯವಳಾಗಿಯೋ? ಈ ಪ್ರಶ್ನೆಗೆ ನಮ್ಮಲ್ಲಿ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ.

ಕಾದಂಬರಿಗಿಂತ ಮೊದಲು

ತವರನ್ನು ಕುರಿತ ಹಾಡು, ಕಥೆ ನಮ್ಮಲ್ಲಿ ಎಷ್ಟಿಲ್ಲ! ಭಾದ್ರಪದದಲ್ಲಿ ಗೌರಿ ತವರಿಗೆ ಬರುತ್ತಾಳೆ, ಮರುದಿನವೇ ಮಗ ಗಣೇಶ ಅವಳನ್ನು ಕರೆದೊಯ್ಯಲು ಬರುತ್ತಾನೆ. ದೇವಿಗೂ ತವರು ಬಾಗಿನ ಪಡೆದು ಹೊರಡುವ ಜಾಗವೇ. 'ಕೆರೆಗೆ ಹಾರ' ಜನಪದ ಗೀತೆಯನ್ನು ಶಾಲೆಯಲ್ಲಿ ಓದದವರು ಕಡಿಮೆ. ಬಲಿಯಾಗಬೇಕಾದ ಕಿರಿಸೊಸೆ ಭಾಗೀರಥಿ ಒಮ್ಮೆ ತವರಿಗೆ ಹೋಗುತ್ತಾಳೆ. ಕಣ್ಣೀರು ಕಂಡ ಅಪ್ಪ ಕಾರಣ ಕೇಳಿದರೆ, ಅತ್ತೆ ಮಾವ ತಮ್ಮನ್ನು ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಅಪ್ಪ ಹೊಲ ಮನೆ ಕೊಡಿಸುವ ಮಾತಾಡಿ ಸಮಾಧಾನ ಮಾಡುತ್ತಾನೆ. ನಿಜವನ್ನು ಅವಳು ಹೇಳಿಕೊಳ್ಳುವುದು ಗೆಳತಿಯ ಬಳಿ ಮಾತ್ರ. ಆ ಗೆಳತಿಯೂ ಅವರು ಇಟ್ಟಂತೆ ಇರಬೇಕು ಎಂಬರ್ಥದ ಮಾತನ್ನೇ ಆಡುತ್ತಾಳೆ. ಭಾಗೀರಥಿ ಹಿಂದಿರುಗುತ್ತಾಳೆ. ಪ್ರೀತಿ ಇರುವ ತವರಿನಲ್ಲೂ "ಇಲ್ಲೇ ಇರುತ್ತೇನೆ" ಎನ್ನುವ ಮಾತಿಗೆ ಜಾಗವಿರಲಿಲ್ಲ.

ಇಂದಿರಾಬಾಯಿಯಿಂದ ತಿರುಮಲಾಂಬಾವರೆಗೆ

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಿಂದ ಬಂತು. ಅದರ ನಾಯಕಿ ಎಳೆ ವಯಸ್ಸಿನ ವಿಧವೆ. ಸ್ವಂತ ತಂದೆತಾಯಿಯ ಮನೆಯೇ ಅವಳಿಗೆ ಅಪಾಯದ ಜಾಗವಾಗುತ್ತದೆ. ಅವಳು ಅಲ್ಲಿಂದ ತಪ್ಪಿಸಿಕೊಂಡು ಸುಧಾರಣಾವಾದಿ ಅಮೃತರಾಯರ ಆಶ್ರಯ ಪಡೆದು, ಓದಿ, ಮರುಮದುವೆಯಾಗುತ್ತಾಳೆ. ನಮ್ಮ ಕಾದಂಬರಿಯ ಚರಿತ್ರೆ ಶುರುವಾಗುವುದೇ ತವರಿನಲ್ಲಿ ಬದುಕಲಾಗದ ಹೆಣ್ಣುಮಗಳಿಂದ ಎನ್ನುವುದು ಯೋಚಿಸಬೇಕಾದ ವಿಷಯ. ವಿಧವಾ ಪುನರ್ವಿವಾಹದ ಕಾನೂನು 1856ರಲ್ಲೇ ಬಂದಿತ್ತು. ಮನೆಗಳು ಇನ್ನೂ ಬದಲಾಗಿರಲಿಲ್ಲ.

ಇದಕ್ಕೆ ತೀರಾ ಬೇರೆಯಾದ ಉದಾಹರಣೆ ನಂಜನಗೂಡು ತಿರುಮಲಾಂಬಾ ಅವರ ಸ್ವಂತ ಬದುಕು. 1887ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ಮದುವೆಯಾಗಿ, ಚಿಕ್ಕಂದಿನಲ್ಲೇ ವಿಧವೆಯಾಗಿ ತಂದೆಯ ಮನೆಯಲ್ಲಿ ಉಳಿದರು. ವಕೀಲರಾಗಿದ್ದ ತಂದೆ ಮಗಳ ಓದಿಗೆ ನೆರವಾದರು. ಆ ಮನೆಯಿಂದಲೇ 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಹೊರಟಿತು. 'ಸುಶೀಲೆ' ಅವರ ಮೊದಲ ಕಾದಂಬರಿ. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಆಧುನಿಕ ಕನ್ನಡದ ಮೊದಲ ಲೇಖಕಿ, ಪ್ರಕಾಶಕಿ, ಪತ್ರಕರ್ತೆ ಎಂದು ಇಂದು ನಾವು ಗೌರವಿಸುವ ಹೆಂಗಸು ತವರಿಗೆ ಮರಳಿದವಳೇ. ಅವರ ಕಾದಂಬರಿಗಳು ಹೆಚ್ಚಾಗಿ ಪತಿವ್ರತಾ ಧರ್ಮವನ್ನೇ ಬೋಧಿಸಿದವು, ನಿಜ. ಆದರೆ ಅವರು ಬದುಕಿದ ರೀತಿ ಇನ್ನೊಂದು ಪಾಠ ಹೇಳಿತು. ಮನೆಗೆ ಬಂದ ಮಗಳಿಗೆ ಒಂದು ಮೇಜು, ಒಂದಷ್ಟು ಕಾಗದ, ತುಸು ಧೈರ್ಯ ಕೊಟ್ಟರೆ ಏನಾಗಬಹುದು ಎನ್ನುವುದು ಆ ಪಾಠ. ಹೊರನಾಡ ಕನ್ನಡಿಗರಾದ ನಮಗೆ ಹತ್ತಿರದ ಸಂಗತಿ ಎಂದರೆ, ಬಹುಕಾಲ ಕನ್ನಡನಾಡು ಮರೆತಿದ್ದ ಈ ಲೇಖಕಿ ಕೊನೆಗಾಲ ಕಳೆದದ್ದು ಮದರಾಸಿನಲ್ಲಿ. 1982ರಲ್ಲಿ ತೀರಿಕೊಂಡರು.

ತ್ರಿವೇಣಿ ಮತ್ತು ಇಂದಿರಾ

ಸ್ವಾತಂತ್ರ್ಯ ಬಂದಮೇಲೆ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ದಾರಿ ಮಾಡಿತು. 1956ರ ಉತ್ತರಾಧಿಕಾರ ಕಾಯ್ದೆ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಿತು. ಆದರೆ ಅದೇ ಕಾಯ್ದೆಯ 23ನೇ ಕಲಂನಲ್ಲಿ ಒಂದು ಕೊಕ್ಕೆ ಇತ್ತು. ಕುಟುಂಬದವರು ವಾಸವಿರುವ ಮನೆಯನ್ನು ಪಾಲು ಮಾಡಿ ಎಂದು, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಕೇಳುವಂತಿಲ್ಲ. ಅಲ್ಲಿ ವಾಸಿಸುವ ಹಕ್ಕಾದರೂ ಯಾವ ಮಗಳಿಗೆ? ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ದೂರವಾದವಳಿಗೆ, ವಿಧವೆಗೆ ಮಾತ್ರ. ನೊಂದು ಬಂದ ಮಗಳಿಗೆ ಮೂಲೆಯ ಕೋಣೆ ಸಿಗುತ್ತದೆ, ಮನೆ ಸಿಗುವುದಿಲ್ಲ. ಆ ಕಾಲದ ಕಾದಂಬರಿಗಳ ಮನೆಗಳೂ ಹೀಗೇ ಇವೆ.

ಈ ಕಾಲದಲ್ಲಿ ಬರೆದವರು ತ್ರಿವೇಣಿ (1928–1963). ಮನಶ್ಶಾಸ್ತ್ರ ಓದಿದ್ದ ಅವರು ಮನೆಯೊಳಗಿನ ಮಾತಿಗಿಂತ ಆಡದೆ ಉಳಿದ ಮಾತನ್ನು ಬಲ್ಲವರು. 1968ರಲ್ಲಿ ಸಿನಿಮಾ ಕೂಡ ಆದ 'ಹಣ್ಣೆಲೆ ಚಿಗುರಿದಾಗ' ಕಾದಂಬರಿಯಲ್ಲಿ ಎಳೆಯ ವಿಧವೆಯ ಓದು, ಮರುಮದುವೆ ತಂದೆಯ ಮನೆಯೊಳಗಿನ ಪ್ರಶ್ನೆಗಳಾಗುತ್ತವೆ. ಇಂದಿರಾಬಾಯಿ ಮನೆಬಿಟ್ಟು ಓಡಿ ಗೆದ್ದದ್ದನ್ನು ಇಲ್ಲಿ ಹುಡುಗಿ ಮನೆಯ ಒಳಗೇ ಗೆಲ್ಲಬೇಕು.

'ಶರಪಂಜರ'ದ ಮರಳುವಿಕೆ ಬೇರೆ ಬಗೆಯದು. ಬಾಣಂತಿತನದಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ವಾಸಿಯಾಗಿದೆ, ಮನೆಯವರ ಕಣ್ಣು ವಾಸಿಯಾಗಿಲ್ಲ. ಅವಳು ಸ್ವಲ್ಪ ಜೋರಾಗಿ ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಗಂಡ ದೂರವಾಗುತ್ತಾನೆ. ಕೊನೆಗೆ ಆ ಮನೆಯೇ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ. ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ತೆಗೆದ ಚಿತ್ರದಲ್ಲಿ ಕಲ್ಪನಾ ಅವರನ್ನು ಕಂಡವರು ಇಂದಿಗೂ ಮರೆತಿಲ್ಲ. ಮರಳಿ ಬಂದವಳನ್ನು ಒಳಗೆ ಬಿಟ್ಟುಕೊಳ್ಳುವುದು ಬೇರೆ, ನಂಬುವುದು ಬೇರೆ ಎಂದು ಈ ಕೃತಿ ಅರವತ್ತು ವರ್ಷದ ಹಿಂದೆಯೇ ಹೇಳಿತು. ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತ್ರಿವೇಣಿಯವರು ತೀರಿಕೊಂಡರು ಎನ್ನುವುದು ತಿಳಿದಮೇಲೆ ಈ ಪುಸ್ತಕವನ್ನು ಸುಮ್ಮನೆ ಓದಿ ಮುಗಿಸಲು ಆಗುವುದಿಲ್ಲ.

ಎಂ.ಕೆ. ಇಂದಿರಾ (1917–1994) ಕಾದಂಬರಿ ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ. ಮೊದಲ ಕಾದಂಬರಿ 'ತುಂಗಭದ್ರ' 1963ರದು. 1976ರ 'ಫಣಿಯಮ್ಮ' ತಮ್ಮ ಬಂಧುವರ್ಗದಲ್ಲೇ ಬಾಳಿದ್ದ ಹಿರಿಯರೊಬ್ಬರ ನಿಜ ಕಥೆಯ ಮೇಲೆ ನಿಂತಿದೆ. ಬಾಲವಿಧವೆ ಫಣಿಯಮ್ಮ ಮಲೆನಾಡಿನ ದೊಡ್ಡ ತವರುಮನೆಯಲ್ಲಿ ಶತಮಾನ ದಾಟಿ ಬಾಳುತ್ತಾರೆ. ಬೇಯಿಸುವುದು, ಬಾಣಂತನ ಮಾಡುವುದು, ಯಾರದೋ ಮಕ್ಕಳನ್ನು ಸಾಕುವುದು, ಇಡೀ ಮನೆ ನಿಂತಿರುವುದು ಅವರ ದುಡಿಮೆಯ ಮೇಲೆ. ಆದರೂ ಆ ಮನೆಯಲ್ಲಿ "ನನ್ನದು" ಎನ್ನಲು ಅವರಿಗೆ ಏನೂ ಇಲ್ಲ. ಮುಂದಿನ ತಲೆಮಾರಿನ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಫಣಿಯಮ್ಮ ಅವಳ ಪರವಾಗಿರುತ್ತಾರೆ. ಒಂದು ಜೀವಮಾನ ಬಾಯಿ ಬಿಡದೆ ಸಹಿಸಿದವರೇ ಇನ್ನೊಬ್ಬಳಿಗೆ ಅದು ಬೇಡ ಎನ್ನುವುದು ದೊಡ್ಡ ಮಾತು. ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಯೂ ಮಾಡಿದರು.

ಲೈಬ್ರರಿಯ ಕಾಲ

ನನ್ನ ಅತ್ತೆ ಓದುತ್ತಿದ್ದದ್ದು ಇವುಗಳ ನಂತರದ ಬೆಳೆ. 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ, 'ತರಂಗ' 1983ರಲ್ಲಿ ಶುರುವಾದವು. ವಾರಪತ್ರಿಕೆಯ ಧಾರಾವಾಹಿ, ಆಮೇಲೆ ಪುಸ್ತಕ, ಆಮೇಲೆ ಬಾಡಿಗೆ ಲೈಬ್ರರಿ, ಅದೃಷ್ಟವಿದ್ದರೆ ಸಿನಿಮಾ, ಹೀಗೆ ಒಂದೊಂದು ಕಥೆ ಸಾವಿರಾರು ಮನೆ ಸುತ್ತುತ್ತಿತ್ತು. ವಾಣಿಯವರ 'ಎರಡು ಕನಸು', 'ಶುಭಮಂಗಳ', ಉಷಾ ನವರತ್ನರಾಂ ಅವರ 'ಹೊಂಬಿಸಿಲು', 'ಬಂಧನ', ಎಚ್.ಜಿ. ರಾಧಾದೇವಿಯವರ ಕಾದಂಬರಿ ಆಧರಿಸಿದ 'ಅನುರಾಗ ಅರಳಿತು' ಹೀಗೆ ಪರದೆಗೂ ಬಂದವು. ಸಾಯಿಸುತೆ ಒಬ್ಬರೇ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು.

ಇಂಥ ಕಾದಂಬರಿಗಳಲ್ಲಿ ತವರಿಗೆ ಮರಳುವ ಪ್ರಸಂಗ ಬಂದರೆ ಅದಕ್ಕೊಂದು ಗೊತ್ತಾದ ಕ್ರಮವಿತ್ತು. ಮೊದಲ ವಾರ ಎಲ್ಲರೂ ಕನಿಕರಿಸುತ್ತಾರೆ. ಎರಡನೇ ತಿಂಗಳಿಗೆ ಅತ್ತಿಗೆ ಹಾಲಿನ ಲೆಕ್ಕ ಹೇಳುತ್ತಾಳೆ. ಅಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಾನೆ. ನಾಯಕಿ ಟೈಪಿಂಗ್ ಕಲಿತು ಕೆಲಸಕ್ಕೆ ಸೇರುತ್ತಾಳೆ. ಆಮೇಲೆ ಒಂದೋ ಗಂಡ ತಪ್ಪು ತಿಳಿದು ಬರುತ್ತಾನೆ, ಇಲ್ಲವೇ ಒಳ್ಳೆಯವನೊಬ್ಬ ಸಿಗುತ್ತಾನೆ. ಓದುಗರಿಗೆ ಮುಂದಿನದು ಗೊತ್ತಿದ್ದೂ ಬೇಕಾಗಿತ್ತು. ಏಕೆಂದರೆ ಹಾಲಿನ ಲೆಕ್ಕದ ನೋವು ಎಂಥದೆಂದು ಬೇರೆ ಯಾವ ಪುಸ್ತಕವೂ ಅವರಿಗೆ ಹೇಳುತ್ತಿರಲಿಲ್ಲ. ಆದರೆ ಕೊರತೆಯನ್ನೂ ಹೇಳಬೇಕು. ಇಂಥ ಕಥೆಯ ನಾಯಕಿ ಸ್ವಾಭಿಮಾನದಿಂದ ಮನೆ ಬಿಟ್ಟು ಹೋಗುತ್ತಾಳೆಯೇ ಹೊರತು "ಈ ಮನೆಯಲ್ಲಿ ನನಗೂ ಪಾಲಿದೆ" ಎನ್ನುವುದು ಅಪರೂಪ. ಕೇಳದಿರುವುದೇ ಒಳ್ಳೆಯ ಹೆಣ್ಣಿನ ಗುಣ ಎನ್ನುವುದನ್ನು ಅವೂ ಒಪ್ಪಿಕೊಂಡಿದ್ದವು.

ಆ ಸುಖಾಂತ್ಯ ಸಿಗದವರ ಪಾಡನ್ನು ವೈದೇಹಿಯವರು 'ಅಕ್ಕು' ಕಥೆಯಲ್ಲಿ ತೋರಿಸಿದರು. ಗಂಡ ಬಿಟ್ಟುಹೋದ ಅಕ್ಕು ತವರಿನಲ್ಲೇ ಉಳಿದು ಎಲ್ಲರಿಗೂ ಹುಚ್ಚಿಯಾಗಿ ಕಾಣುತ್ತಾಳೆ. ಅವಳ ಹುಚ್ಚು ಮಾತಿನಲ್ಲೇ ಆ ಮನೆಯ ನಿಜ ಹೊರಬೀಳುತ್ತದೆ. 2018ರ 'ಅಮ್ಮಚ್ಚಿಯೆಂಬ ನೆನಪು' ಚಿತ್ರದಲ್ಲಿ ಈ ಕಥೆಯೂ ಸೇರಿದೆ.

ಒಂದು ಸಹಿ

ಕರ್ನಾಟಕ 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು, 23ನೇ ಕಲಂ ಹೋಯಿತು. ತಂದೆ 2005ರಲ್ಲಿ ಬದುಕಿದ್ದಿರಲಿ ಇಲ್ಲದಿರಲಿ ಮಗಳಿಗೆ ಹಕ್ಕುಂಟು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ನನ್ನ ಅಜ್ಜ ತೀರಿಕೊಂಡದ್ದು 1998ರಲ್ಲಿ. ಮನೆ ಅವರೇ ಕಟ್ಟಿಸಿದ್ದು, ಉಯಿಲು ಬರೆದಿರಲಿಲ್ಲ. ಕಾನೂನಿನ ಪ್ರಕಾರ ಅತ್ತೆಗೂ ಸಮಪಾಲು. ಪಾಲಿನ ಹೊತ್ತಿಗೆ ಅವರನ್ನು ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. ಹಾಕಿಸಿದವರಲ್ಲಿ ನನ್ನ ಅಪ್ಪನೂ ಒಬ್ಬರು. ಅವರು ಕೆಟ್ಟವರಲ್ಲ. ಅಕ್ಕನಿಗೆ ಕೊನೆಯವರೆಗೆ ಊಟ, ಬಟ್ಟೆ, ಔಷಧಿಗೆ ಕಮ್ಮಿ ಮಾಡಲಿಲ್ಲ. ಈಗ ಅತ್ತೆ ಇಲ್ಲ. ಈಚೆಗೆ ಅಪ್ಪನ ಕಡತದಲ್ಲಿ ಆ ಪತ್ರದ ನಕಲು ಸಿಕ್ಕಿತು. "ಪ್ರೀತಿ ವಿಶ್ವಾಸದಿಂದ, ಸ್ವ ಇಚ್ಛೆಯಿಂದ" ಎಂದಿದೆ. "ಅತ್ತೆ ಓದಿ ಸಹಿ ಹಾಕಿದರಾ ಅಪ್ಪ?" ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನಾವು ಓದಿ ಹೇಳಲಿಲ್ಲ ಕಣಮ್ಮ" ಎಂದರು. ದಿನಕ್ಕೊಂದು ಕಾದಂಬರಿ ಓದುತ್ತಿದ್ದ ಹೆಂಗಸಿಗೆ ಆ ನಾಲ್ಕು ಪುಟವನ್ನು ಯಾರೂ ಓದಲು ಕೊಟ್ಟಿರಲಿಲ್ಲ.

ಮುಂಬಯಿ, ಪುಣೆ, ಹೈದರಾಬಾದು ಎಂದು ನೆಲೆಸಿದ ನಮ್ಮಲ್ಲಿ ಅನೇಕರಿಗೆ ಈಗ ಇಂಥ ಪತ್ರಗಳು ವಾಟ್ಸಾಪಿನಲ್ಲಿ ಬರುತ್ತವೆ. ಗೌರಿ ಹಬ್ಬಕ್ಕೆ ಬಂದಾಗ ಒಂದು ಸಹಿ ಹಾಕಿ ಹೋಗು ಎನ್ನುವ ಫೋನು ಬರುತ್ತದೆ. ಕೊಡುವುದೋ ಬಿಡುವುದೋ ನಮ್ಮ ನಮ್ಮ ಮನೆಯ ಮಾತು. ಪ್ರೀತಿಯಿಂದ ಬಿಟ್ಟುಕೊಡುವುದರಲ್ಲೂ ತಪ್ಪಿಲ್ಲ. ಆದರೆ ಓದಿ, ತಿಳಿದು, ನಮ್ಮದೆಂದು ಗೊತ್ತಿದ್ದೇ ಬಿಡಬೇಕು. ಹಾಗೆಯೇ ನಮ್ಮ ಸಂಘಗಳ ಕಪಾಟಿನಲ್ಲಿ ಧೂಳು ಹಿಡಿದಿರುವ ಆ "ಅಡುಗೆಮನೆ" ಕಾದಂಬರಿಗಳನ್ನೂ ಒಮ್ಮೆ ಕೆಳಗಿಳಿಸಿ ಓದೋಣ. ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತವಳು ಯಾರಾಗಿ ಒಳಗೆ ಬರಬೇಕು ಎಂಬ ಪ್ರಶ್ನೆಯನ್ನು ನಮ್ಮ ಅತ್ತೆ, ಅಮ್ಮಂದಿರು ಮೊದಲು ಕಂಡುಕೊಂಡದ್ದು ಅವುಗಳಲ್ಲೇ.